ಕಡಬದ ಬಸ್ಸಿಗಾಗಿ ಕತ್ತರಿಸಿದ ಪದ್ಯ

ಮಗಳು ಮೊಬೈಲಿನಲ್ಲಿ ಎರಡು ಟಿಕೆಟ್ ಬುಕ್ ಮಾಡಿ ನನಗೆ ತೋರಿಸಿದಾಗ ನಾನು ಕುರ್ಚಿ ಹಿಡಿದು ಕೂತುಬಿಟ್ಟೆ. ಅವಳು ಅದನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಹಾಕಿ, ಮಾತ್ರೆ ತೆಗೆದುಕೊಂಡಿರಾ ಎಂದು ವಿಚಾರಿಸಿದಳು. ಹಳೆಯ ಪಿಕ್ಚರೊಂದನ್ನು ತೊಳೆದು ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿದ್ದರು. ಶನಿವಾರ ಮಧ್ಯಾಹ್ನದ ಆಟ, ಪುತ್ತೂರಿನಲ್ಲೇ, ನಮ್ಮ ದರ್ಬೆಯ ಮನೆಯಿಂದ ರಿಕ್ಷಾದಲ್ಲಿ ಹೋಗುವಷ್ಟು ಹತ್ತಿರ. ಕತೆ ಚೂರು, ಪದ್ಯ ಎಂಟು ಎನ್ನುವ ಜಾತಿಯ ಪಿಕ್ಚರು ಅದು.

ಸಿನಿಮಾದ ಹಾಡಿಗೆ ನಮ್ಮ ಕಡೆ ಪದ್ಯ ಎನ್ನುವುದು. ಆ ಎಂಟರಲ್ಲಿ ಒಂದು ಉಯ್ಯಾಲೆಯ ಪದ್ಯ. ಅದರಿಂದಾಗಿ ನನ್ನ ಹೆಂಡತಿಯ ಕಾಲೇಜು ಅರ್ಧಕ್ಕೆ ನಿಂತಿತು, ಅವಳು ನನ್ನಂಥ ಬಸ್ ಕಂಡಕ್ಟರನ ಹೆಂಡತಿಯಾದಳು. ಆ ಪದ್ಯ ಬಂದಾಗ ತಾನು ಟಾಕೀಸಿನಲ್ಲಿ ನಿದ್ದೆ ಹೋಗಿದ್ದೆ ಎಂದು ಅವಳು ನಂಬಿದ್ದಾಳೆ. ಅವಳು ನಿದ್ದೆ ಹೋಗಿರಲಿಲ್ಲ. ಪದ್ಯವನ್ನು ತೆಗೆಸಿದವನು ನಾನು. ಮೂವತ್ತೆಂಟು ವರ್ಷ ಅದನ್ನು ಅವಳಿಗೆ ಹೇಳದೆ ಅವಳ ಕೈಯ ಅನ್ನ ಉಂಡಿದ್ದೇನೆ.

ಟಿಕೆಟಿನ ಸುದ್ದಿ ಕೇಳಿ ಅವಳು ಖುಷಿಪಟ್ಟಳು. "ಈ ಸಲ ಎಚ್ಚರ ಇದ್ದು ನೋಡ್ಬೇಕು," ಎಂದಳು.

ಆ ಕಾಲದಲ್ಲಿ ನಾನು ಪುತ್ತೂರು–ಕಡಬ ಪ್ರೈವೇಟ್ ಬಸ್ಸಿನಲ್ಲಿದ್ದೆ. ಕಡಬ ದಾಟಿ ಒಳದಾರಿಯ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ನಮ್ಮದೇ. ಪುತ್ತೂರಿನಿಂದ ಐದೂಮುಕ್ಕಾಲಿಗೆ ಹೊರಡಬೇಕು. ಐದೂಮುಕ್ಕಾಲು ಎಂದರೆ ಐದೂಮುಕ್ಕಾಲೇ, ಶಾನುಭೋಗರು ಬರಲಿ, ಶಾಸಕರು ಬರಲಿ. ನನ್ನ ಬಸ್ಸು ನೋಡಿ ಹೋಟೆಲಿನವರು ಗಡಿಯಾರ ಸರಿಮಾಡುತ್ತಿದ್ದರು ಎಂದು ನಾನು ಇಂದಿಗೂ ಜಂಭ ಕೊಚ್ಚಿಕೊಳ್ಳುವುದುಂಟು.

ತೊಂದರೆ ಇದ್ದದ್ದು ಮ್ಯಾಟಿನಿಯಲ್ಲಿ. ಎರಡೂವರೆಗೆ ಶುರುವಾದ ಆಟ, ಪದ್ಯಗಳ ಪಿಕ್ಚರಾದರೆ, ಐದೂಮುಕ್ಕಾಲಿಗೂ ಮುಗಿಯುತ್ತಿರಲಿಲ್ಲ. ಹಳ್ಳಿಯ ಜನ ಬಾರದೆ ಟಾಕೀಸು ತುಂಬದು, ಟಾಕೀಸಿನ ಜನ ಬಾರದೆ ಶನಿವಾರ ನನ್ನ ಬಸ್ಸು ತುಂಬದು. ಹಾಗಾಗಿ ನನಗೂ ಟಾಕೀಸಿನಲ್ಲಿ ಪಿಕ್ಚರು ಓಡಿಸುವ ಆಪರೇಟರಿಗೂ ಒಂದು ಒಪ್ಪಂದವಿತ್ತು. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಬ್ಯಾರಿ. ಇಂಟರ್ವಲಿನ ಹೊತ್ತಿಗೆ ನಾನು ಹಿಂದಿನ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಹೋಗಿ, ನನ್ನ ಬಸ್ಸಿನವರು ಒಳಗೆ ಎಷ್ಟು ಜನ ಇದ್ದಾರೆಂದು ಹೇಳಬೇಕು. ಬೆಳಗ್ಗೆ ಇಳಿಯುವಾಗಲೇ ಗೊತ್ತಾಗುತ್ತಿತ್ತು. ಆಸ್ಪತ್ರೆಗೆ ಬಂದವರು ಮಲ್ಲಿಗೆ ಮುಡಿಯುವುದಿಲ್ಲವಲ್ಲ. ಹತ್ತಕ್ಕಿಂತ ಜಾಸ್ತಿ ಇದ್ದರೆ ಅವರು ಮುಂದಿನ ರೀಲನ್ನು ಕೈಯಲ್ಲಿ ಸುತ್ತಿ, ಪದ್ಯ ಶುರುವಾಗುವಲ್ಲಿ ಕತ್ತರಿ ಹಾಕಿ, ಮುಗಿಯುವ ಜಾಗಕ್ಕೆ ತಂದು ಅಂಟಿಸುತ್ತಿದ್ದರು. ಮುಂದಿನ ಆಟಕ್ಕೆ ಮತ್ತೆ ಸೇರಿಸುತ್ತಿದ್ದರು. ಪೇಟೆಯವರಿಗೆ ಪೂರ್ತಿ ಪಿಕ್ಚರು, ಹಳ್ಳಿಯವರಿಗೆ ಹರಕು.

ಆದರೆ ಅವರಿಗೊಂದು ನಿಯಮವಿತ್ತು. ಹಾಸ್ಯದವನ ಪದ್ಯ, ಕುಡುಕನ ಪದ್ಯ, ಇಂಥವನ್ನು ಮಾತ್ರ ಕತ್ತರಿಸುವುದು. ರೇಡಿಯೋದಲ್ಲಿ ದಿನಾ ಬರುವ ದೊಡ್ಡ ಪದ್ಯವನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಜನ ಕುರ್ಚಿ ಮುರಿಯುತ್ತಿದ್ದರು. ಆಗಿನವರು ಕತೆಗಾಗಿ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಕಿವಿಯಲ್ಲಿ ಕೇಳಿದ್ದಕ್ಕೆ ಮುಖ ಯಾವುದು, ಸೀರೆ ಯಾವ ಬಣ್ಣ ಎಂದು ನೋಡಲಿಕ್ಕೆ ಬರುತ್ತಿದ್ದರು. ಗೇಟಿನಲ್ಲಿ ಪದ್ಯದ ಪುಸ್ತಕ ಮಾರುತ್ತಿದ್ದರು, ತೆಳ್ಳಗಿನ ಕಾಗದದ ನಾಲ್ಕು ಹಾಳೆ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬರು ಓದಿದರೆ ಹತ್ತು ಜನ ಗುನುಗುತ್ತಿದ್ದರು. ಸೀಟಿಗಾಗಿ ಜಗಳವಾಡಿದವರೂ ಒಂದೇ ಪುಸ್ತಕಕ್ಕೆ ಬಗ್ಗಿ ಕೂರುವುದನ್ನು ನಾನು ಟಿಕೆಟ್ ಹರಿಯುತ್ತಾ ನೋಡಿದ್ದೇನೆ.

ಆ ಬಸ್ಸಿನಲ್ಲಿ ದಿನಾ ಒಬ್ಬ ಹುಡುಗಿ ಬರುತ್ತಿದ್ದಳು. ಡ್ರೈವರನ ಹಿಂದೆ ಮೂರನೇ ಸಾಲು, ಎಡಗಡೆ ಕಿಟಕಿ. ಹೆಡ್‌ಮಾಸ್ಟರರ ಮಗಳು, ಬಿ.ಎ. ಎರಡನೇ ವರ್ಷ. ನಾನು ಕೇಳುವ ಮೊದಲೇ ಪಾಸು ತೆಗೆದು ಹಿಡಿಯುತ್ತಿದ್ದಳು. ನಮ್ಮ ನಡುವೆ ಒಂದು ಮಾತೂ ಆಗಿರಲಿಲ್ಲ. ಆದರೆ ಅವಳು ಬಾರದ ದಿನ ನಾನು ಎಲ್ಲರ ಮೇಲೂ ಸಿಡುಕುತ್ತಿದ್ದೆ.

ಅವಳು ಉಯ್ಯಾಲೆಯ ಪದ್ಯದ ಪಿಕ್ಚರಿಗೆ ಹೋದದ್ದು ನಾಲ್ಕನೇ ವಾರದಲ್ಲಿ, ಒಂದು ಶನಿವಾರ, ಪುತ್ತೂರಿನ ಇಬ್ಬರು ಗೆಳತಿಯರ ಜೊತೆ, ಮನೆಯಲ್ಲಿ ಕೇಳಿಯೇ. ನಮ್ಮ ದಾರಿಯವರೆಲ್ಲ ಮೊದಲ ಎರಡು ವಾರದಲ್ಲೇ ನೋಡಿ ಮುಗಿಸಿದ್ದರು. ಆ ದಿನ ಸಣ್ಣ ಪದ್ಯಗಳೆಲ್ಲ ಮುಗಿದ ಮೇಲೆ ಕರೆಂಟು ಹೋಯಿತು, ಬರುವಾಗ ಇಪ್ಪತ್ತು ನಿಮಿಷ ಆಗಿತ್ತು. ನಾನು ಮೆಟ್ಟಿಲು ಹತ್ತಿ ಹೋದೆ. ಆಪರೇಟರು ಬೆವರು ಒರೆಸುತ್ತಾ, ಇನ್ನು ತೆಗೆಯಲಿಕ್ಕೆ ಏನೂ ಉಳಿದಿಲ್ಲ, ಉಯ್ಯಾಲೆಯದ್ದೊಂದೇ ಬಾಕಿ, ಅದು ಏಳು ನಿಮಿಷ, ಅದನ್ನು ಮುಟ್ಟುವ ಹಾಗಿಲ್ಲ ಎಂದರು. ಆಮೇಲೆ ರೂಢಿಯಂತೆ ಕೇಳಿದರು, "ಎಷ್ಟು ಜನ ಉಂಟು ಕಂಡಕ್ಟ್ರೇ?"

ಗೋಡೆಯ ಸಣ್ಣ ಕಿಂಡಿಯಲ್ಲಿ ನೋಡಿದೆ. ಹೆಂಗಸರ ಸಾಲಿನಲ್ಲಿ ಅವಳ ತಲೆ ಕಾಣಿಸಿತು. ನನ್ನ ಬಸ್ಸಿನವಳು ಅವಳೊಬ್ಬಳೇ. ಆ ಪದ್ಯ ಬಾಕಿ ಇರುವಾಗ ಯಾರೂ ಎದ್ದು ಬರುವವರಲ್ಲ. ಅವಳು ಬಸ್ಸು ತಪ್ಪಿಸಿಕೊಂಡರೆ ಕತ್ತಲಲ್ಲಿ ಎಲ್ಲಿಗೆ ಹೋಗುತ್ತಾಳೆ, ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಹೆದರಿಕೆಯಾಯಿತು.

"ಹದಿನೈದು ಜನ," ಎಂದೆ.

ಅವರು ನನ್ನ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಕತ್ತರಿ ತೆಗೆದುಕೊಂಡರು.

ಐದು ನಲವತ್ತನಾಲ್ಕಕ್ಕೆ ಅವಳು ಓಡಿ ಬಂದು ಬಸ್ಸು ಹತ್ತಿದಳು. ಮೀನಿನ ಖಾಲಿ ಬುಟ್ಟಿಯ ಹೆಂಗಸೊಬ್ಬಳು, ಗೊಬ್ಬರದ ಮೂಟೆಯ ಜೊತೆ ಇಬ್ಬರು ಗಂಡಸರು, ಬಿಟ್ಟರೆ ಬಸ್ಸು ಖಾಲಿ. ಅವಳು ಪದ್ಯದ ಪುಸ್ತಕ ಬಿಡಿಸಿ, ಏನನ್ನೋ ಹುಡುಕುವ ಹಾಗೆ ಹಾಳೆ ತಿರುವುತ್ತಿದ್ದಳು. ನಾನು "ರೈಟ್ ಪೋಯಿ" ಎಂದು ಎಂದಿಗಿಂತ ಜೋರಾಗಿ ಕೂಗಿದೆ. ದೊಡ್ಡ ಉಪಕಾರ ಮಾಡಿದವನ ಹೆಮ್ಮೆ ನನಗೆ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಹೆಡ್‌ಮಾಸ್ಟರು ಮಗಳನ್ನು ಕಾಲೇಜು ಬಿಡಿಸಿದರಂತೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದರು. ಹೆಡ್‌ಮಾಸ್ಟರು ಯಾರಿಗೂ ಕಾರಣ ಹೇಳಲಿಲ್ಲ, ಹಾಗಾಗಿ ಊರೇ ಒಂದೊಂದು ಕಾರಣ ಹುಟ್ಟಿಸಿತು. ಒಂದು ವರ್ಷದಲ್ಲಿ ಆ ಮಾತುಗಳು ಎಷ್ಟು ಬೆಳೆದವೆಂದರೆ ಬಂದ ಸಂಬಂಧಗಳೆಲ್ಲ ಅಂಗಳದಿಂದಲೇ ತಿರುಗಿ ಹೋದವು. ಕೊನೆಗೆ ನನ್ನ ಸೋದರಮಾವ ಆ ಪ್ರಸ್ತಾಪ ತಂದು, ಹುಡುಗಿ ಒಳ್ಳೆಯವಳು, ಸ್ವಲ್ಪ ಮಾತು ಬಂದಿದೆ ಎನ್ನುವಷ್ಟರಲ್ಲೇ ನಾನು ಹೂಂ ಎಂದೆ.

ಮದುವೆಯಾದ ವಾರದಲ್ಲಿ ಅವಳೇ ಎಲ್ಲ ಹೇಳಿದಳು. ಅವರ ಮನೆಯಲ್ಲಿ ಒಂದು ಪದ್ಧತಿ. ಪಿಕ್ಚರು ನೋಡಿ ಬಂದವರು ಊಟದ ನಂತರ ಕತೆ ಹೇಳಬೇಕು, ಪುಸ್ತಕ ಹಿಡಿದು ಯಾವ ಪದ್ಯ ಎಲ್ಲಿ ಬರುತ್ತದೆಂದು ಸಾಲಾಗಿ ಒಪ್ಪಿಸಬೇಕು. ಅಪ್ಪ ಹೆಡ್‌ಮಾಸ್ಟರಲ್ಲವೇ, ಪರೀಕ್ಷೆ ಇಲ್ಲದೆ ಅವರಿಗೆ ಏನೂ ರುಚಿಸುತ್ತಿರಲಿಲ್ಲ. ಆ ಪಿಕ್ಚರನ್ನು ಅವರು ಮಂಗಳೂರಿನಲ್ಲಿ ಮೊದಲೇ ನೋಡಿದ್ದರು. ಉಯ್ಯಾಲೆಯ ಪದ್ಯವೆಂದರೆ ಅವರಿಗೆ ಪ್ರಾಣ. ಅದು ಹೇಗಿತ್ತು ಎಂದು ನಗುತ್ತಲೇ ಕೇಳಿದರಂತೆ. ಅದು ಬರಲೇ ಇಲ್ಲ ಎಂದು ಇವಳು ಇದ್ದದ್ದು ಇದ್ದ ಹಾಗೆ ಹೇಳಿದಳು.

ಅವರ ನಗು ನಿಂತಿತು. ಆ ಪದ್ಯ ಇಲ್ಲದೆ ಆ ಪಿಕ್ಚರು ಎಲ್ಲಿಯಾದರೂ ಉಂಟೇ? ಹಾಗಾದರೆ ಮಗಳು ಟಾಕೀಸಿಗೆ ಹೋಗಿಲ್ಲ, ಗೇಟಿನಲ್ಲಿ ಪುಸ್ತಕ ಕೊಂಡು ಬೇರೆಲ್ಲಿಗೋ ಹೋಗಿದ್ದಾಳೆ. ಗೆಳತಿಯರನ್ನು ಕೇಳಿದ್ದರೆ ಸತ್ಯ ಹೊರಬರುತ್ತಿತ್ತು. ಆದರೆ ಕೇಳಲು ಹೋದರೆ ವಿಷಯ ಊರಿಗೆ ಗೊತ್ತಾಗುತ್ತದೆಂದು ಅವರು ಕೇಳಲೇ ಇಲ್ಲ. ಪುಸ್ತಕ ಮಡಚಿ ಅವಳ ಕೈಗೇ ಕೊಟ್ಟು, "ಸೋಮವಾರದಿಂದ ಕಾಲೇಜಿಗೆ ಹೋಗುದು ಬೇಡ," ಎಂದರಂತೆ.

ಇಷ್ಟು ಹೇಳಿ ಅವಳು ನನ್ನನ್ನು ಕೇಳಿದಳು, "ನಾನು ಪಿಕ್ಚರಿಗೇ ಹೋದದ್ದು. ನೀವಾದ್ರೂ ನಂಬ್ತೀರಾ?"

"ನಂಬ್ತೇನೆ," ಎಂದೆ.

ಅವಳು ಅತ್ತಳು. ಸಾಕ್ಷಿ ಕೇಳದೆ ನಂಬಿದ ಒಬ್ಬನೇ ಒಬ್ಬ ಮನುಷ್ಯ ಎಂದು ನನ್ನನ್ನು ಅವತ್ತಿನಿಂದ ತಲೆಯ ಮೇಲೆ ಹೊತ್ತುಕೊಂಡಳು. ನಮ್ಮ ಸಂಸಾರ ನಿಂತದ್ದು ಆ ಒಂದು ಮಾತಿನ ಮೇಲೆ. ಸಾಕ್ಷಿ ನನಗೆ ಬೇಕಿರಲಿಲ್ಲ, ಏಕೆಂದರೆ ಕಳ್ಳನೇ ನಾನು. ಅವತ್ತೇ ಹೇಳಬಹುದಿತ್ತು. ಹೇಳಿದರೆ ಆಪರೇಟರ ಕೆಲಸ ಹೋಗುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವಾಗಿ, ಅವಳು ನನ್ನನ್ನು ನೋಡುವ ಆ ನೋಟ ಕಳೆದುಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಆಮೇಲೆ ಆ ಪದ್ಯ ನನ್ನ ಬೆನ್ನು ಬಿಡಲಿಲ್ಲ. ನಾನು ಸುಳ್ಯದ ಲೈನಿಗೆ ಬದಲಾದಾಗ ಬಸ್ಸುಗಳಿಗೆ ಟೇಪ್‌ರೆಕಾರ್ಡರ್ ಬಂದಿತ್ತು. ಗಲ್ಫಿನಿಂದ ಬಂದವರ ಮನೆಗಳಲ್ಲಿ ಮೊದಲು ಹಾಡಿದ ಪೆಟ್ಟಿಗೆ ಈಗ ಡ್ರೈವರನ ತಲೆಯ ಮೇಲೆ ಹಾಡುತ್ತಿತ್ತು. ಕಾಲೇಜಿನ ಮಕ್ಕಳು ಪದ್ಯ ಚೆನ್ನಾಗಿಲ್ಲವೆಂದು ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದರು. ಉಯ್ಯಾಲೆಯದ್ದು ಹಾಕಿ ಎಂದು ಹಿಂದಿನ ಸೀಟಿನಿಂದ ಕೂಗು ಬರುತ್ತಿತ್ತು. ಒಂದು ದಿನ ಸೇತುವೆಯ ಮೇಲೆ ಆ ಕ್ಯಾಸೆಟ್ಟನ್ನು ಪಯಸ್ವಿನಿಗೆ ಎಸೆದೆ. ಮರುದಿನ ಡ್ರೈವರು ಹೊಸದನ್ನು ತಂದ.

ಪದ್ಯ ಹೀಗೆ ಟಾಕೀಸು ಬಿಟ್ಟು ಬಸ್ಸಿಗೆ, ಮನೆಗೆ ಬಂದು ಕೂತಾಗ ಅದಕ್ಕಾಗಿ ಟಾಕೀಸಿಗೆ ಹೋಗುವವರು ಕಡಿಮೆಯಾದರು. ಮೊದಲು ಹೆಂಗಸರು ನಿಂತರು. ಮಲ್ಲಿಗೆ ಮುಡಿದು ಇಳಿಯುವವರು ಇಲ್ಲವಾದರು. ಉಳಿದವರು ಹೊಡೆದಾಟಕ್ಕೆ ಬರುವ ಗಂಡುಹುಡುಗರು. ಪದ್ಯ ಶುರುವಾದರೆ ಅವರು ಬೀಡಿ ಸೇದಲು ಹೊರಗೆ ಬರುತ್ತಿದ್ದರು. ಈಗ ಪದ್ಯ ಕತ್ತರಿಸಿದರೆ ಕೈಮುಗಿಯುತ್ತಾರೆ ಕಂಡಕ್ಟ್ರೇ ಎಂದು ಆಪರೇಟರು ಬೇಸರದಿಂದ ನಕ್ಕದ್ದು ನೆನಪಿದೆ. ಕೆಲವು ವರ್ಷಗಳಲ್ಲಿ ಆ ಟಾಕೀಸೂ ಮುಚ್ಚಿತು.

ಆ ಪಿಕ್ಚರು ಒಂದು ಭಾನುವಾರ ಟೀವಿಯಲ್ಲಿ ಬಂತು. ನಾನು ಬೇಕೆಂದೇ ಬೇರೆಯವನ ಟ್ರಿಪ್ಪಿಗೆ ಹೋಗಿದ್ದೆ. ಮನೆಗೆ ಬರುವಾಗ ಅವಳು ಆಫ್ ಮಾಡಿದ ಟೀವಿಯ ಮುಂದೆ ಕೂತಿದ್ದಳು.

"ಪದ್ಯ ಉಂಟು," ಎಂದಳು. "ಅಪ್ಪ ಹೇಳಿದ್ದು ಸರಿ. ಹಿಂದಿನ ರಾತ್ರಿಯೆಲ್ಲ ಓದಿದ್ದೆ. ನಂಗೆ ನಿದ್ದೆ ಬಂದಿರ್ಬೇಕು."

ದೇವರು ಬಾಗಿಲು ತೆರೆದು ಕೊಟ್ಟ ಹಾಗಿತ್ತು. ನಾನು ಅಂಗಿಯ ಗುಂಡಿ ಬಿಚ್ಚುತ್ತಾ, "ಇರಬಹುದು," ಎಂದೆ. ಪದ್ಯ ಕತ್ತರಿಸಿದ್ದು ಪ್ರಾಯದ ದಡ್ಡತನ, ಅದಕ್ಕೆ ಕ್ಷಮೆ ಉಂಟು. ಈ "ಇರಬಹುದು" ಇದೆಯಲ್ಲ, ಅದಕ್ಕಿಲ್ಲ. ಅಂದಿನಿಂದ ಅವಳು ತನ್ನ ಕಣ್ಣನ್ನೇ ನಂಬುವುದು ಬಿಟ್ಟಳು. ಒಲೆ ಆರಿಸಿದ್ದೇನಾ, ಬಾಗಿಲು ಹಾಕಿದ್ದೇನಾ ಎಂದು ಎರಡೆರಡು ಸಲ ನೋಡುವುದು, ನಾನೇ ಮರೆತಿರಬೇಕು ಎಂದು ಎಲ್ಲದಕ್ಕೂ ಸೋಲುವುದು. ಮಗಳು ಅದಕ್ಕೆ ತಮಾಷೆ ಮಾಡುವಾಗ ನಾನು ಎದ್ದು ಅಂಗಳಕ್ಕೆ ಹೋಗುತ್ತಿದ್ದೆ.

ಇಷ್ಟರ ಮೇಲೆ ಈ ಮರುಬಿಡುಗಡೆ. ಬರೀ ಪಿಕ್ಚರಾಗಿದ್ದರೆ ನಾನು ಹೆದರುತ್ತಿರಲಿಲ್ಲ. ಆದರೆ ನಮ್ಮ ಕಡೆ ಸನ್ಮಾನ ಇಲ್ಲದೆ ನಾಯಿಗೂ ಸ್ನಾನ ಮಾಡಿಸುವುದಿಲ್ಲ. ಊರಿನ ಯುವಕರ ತಂಡವೊಂದು, ಆಟ ಶುರುವಾಗುವ ಮೊದಲು ಅಂದಿನ ಆಪರೇಟರಿಗೆ ಶಾಲು ಹೊದಿಸುವುದೆಂದು ತೀರ್ಮಾನಿಸಿತ್ತು. ಶಾಲಿನ ಜೊತೆ ಮೈಕೂ ಬರುತ್ತದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಶುಕ್ರವಾರ ನಾನು ಅವರ ಮನೆಗೆ ಹೋದೆ.

ಎಪ್ಪತ್ತೈದರ ಹತ್ತಿರದ ಮನುಷ್ಯ, ಬಿಳಿ ಟೊಪ್ಪಿ, ಗಲ್ಫಿನಿಂದ ಮರಳಿದ ಮಗನ ಮನೆಯ ಜಗಲಿಯಲ್ಲಿ ಕೂತು ಭಾಷಣ ಬಾಯಿಪಾಠ ಮಾಡುತ್ತಿದ್ದರು. ನನ್ನನ್ನು ಕಂಡು ಎದ್ದು ಅಪ್ಪಿಕೊಂಡರು. ಚಹಾ ಬಂತು. ಬಸ್ಸಿನ ವಿಷಯ, ಕತ್ತರಿಯ ವಿಷಯ ನಾಳೆ ಹೇಳಬೇಡಿ ಬ್ಯಾರಿಗಳೇ ಎಂದು ಹೇಗೋ ಕೇಳಿದೆ. ಅದೇ ಅಲ್ಲವೇ ಎಲ್ಲಕ್ಕಿಂತ ಒಳ್ಳೆಯ ಕತೆ, ಯಾಕೆ ಬೇಡ ಎಂದರು. ಕಾರಣ ಬಿಟ್ಟು, ನನ್ನ ಹೆಸರಾದರೂ ಬೇಡ ಎಂದೆ. ಅವರು "ಆಯ್ತು ಮಾರಾಯ್ರೆ, ನಿಮ್ಮ ಹೆಸರು ನನ್ನ ಬಾಯಲ್ಲಿ ಬರುದಿಲ್ಲ," ಎಂದು ಮಾತು ಕೊಟ್ಟರು. ನಾನು ಅಷ್ಟಕ್ಕೇ ಸಮಾಧಾನಪಟ್ಟೆ.

ಶನಿವಾರ ಅವಳು ಎರಡು ಲೋಟ ಕಾಫಿ ಕುಡಿದಳು. ಪೆಟ್ಟಿಗೆಯಿಂದ ಹಳೆಯ ಪದ್ಯದ ಪುಸ್ತಕ ತೆಗೆದು ಚೀಲಕ್ಕೆ ಹಾಕಿದಳು. ನನ್ನ ಮೊಣಕಾಲು ನೋವಿಗೆ ಮುಲಾಮು ಹಚ್ಚಿ, ಇನ್ನು ನೆಪ ಬೇಡ ಎಂದಳು.

ಹೋಗುವಾಗ ನಾನು ನೆನೆಸಿದ್ದು, ಒಳಗೆ ನಮ್ಮಂಥ ಹತ್ತು ಮುದಿ ತಲೆಗಳು ಇರಬಹುದೆಂದು. ಹೋದ ವರ್ಷ ಮಗಳ ಜೊತೆ ಒಂದು ಹೊಸ ಪಿಕ್ಚರಿಗೆ ಹೋಗಿದ್ದೆವು. ಅದರಲ್ಲಿದ್ದದ್ದೇ ಒಂದೂವರೆ ಪದ್ಯ, ಅದು ಬಂದಾಗಲೂ ಜನ ಮೊಬೈಲು ತೆರೆದರು, ಪಾಪ್‌ಕಾರ್ನಿಗೆ ಎದ್ದರು. ಇವತ್ತು ನೋಡಿದರೆ ಸೀಟೆಲ್ಲ ಭರ್ತಿ, ಮುಕ್ಕಾಲು ಪಾಲು ಕಾಲೇಜಿನ ಮಕ್ಕಳು. ಅವರ ಅಪ್ಪಂದಿರು ಶಾಲೆಗೆ ಹೋಗುತ್ತಿದ್ದ ಕಾಲದ ಪದ್ಯಗಳು ಅವರಿಗೆ ಬಾಯಿಪಾಠ. ಬುರ್ಖಾದ ಹುಡುಗಿಯರು, ಹೂ ಮುಡಿದ ಹುಡುಗಿಯರು ಒಂದೇ ಸಾಲಿನಲ್ಲಿ ಕೂತು ಆಗಲೇ ಹಾಡಲು ಶುರುಮಾಡಿದ್ದರು. ಆ ನಾಲ್ಕನೇ ವಾರದ ಜನಕ್ಕಿಂತ ಹೆಚ್ಚು ಜನ. ಬೇರೆ ದಿನವಾಗಿದ್ದರೆ ನನ್ನ ಕಣ್ಣು ತುಂಬುತ್ತಿತ್ತು.

ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ ಎಲ್ಲ ಆಯಿತು. ಮೈಕು ಹಿಡಿದ ಹುಡುಗ ಆಪರೇಟರನ್ನು ಕೇಳಿದ, ಈ ಪಿಕ್ಚರಿನ ಒಂದು ಮರೆಯಲಾಗದ ದಿನ ಹೇಳಿ ಎಂದು. ಅವರು ಬಾಯಿಪಾಠ ಮಾಡಿದ್ದನ್ನು ಮರೆತಿರಬೇಕು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಮೂವತ್ತು ವರ್ಷ ಪದ್ಯ ತೋರಿಸಿದೆ, ಒಂದೇ ಒಂದು ಸಲ ದೊಡ್ಡ ಪದ್ಯಕ್ಕೆ ಕತ್ತರಿ ಹಾಕಿದೆ, ಅದು ಇಂದಿಗೂ ಚುಚ್ಚುತ್ತದೆ ಎಂದರು. ಶನಿವಾರದ ಮ್ಯಾಟಿನಿ. ಕರೆಂಟು ಹೋಗಿತ್ತು. ಕಡಬದ ಬಸ್ಸು ತಪ್ಪುತ್ತದೆಂದು ಒಬ್ಬ ಕಂಡಕ್ಟರು ಬಂದು ಹದಿನೈದು ಜನ ಇದ್ದಾರೆಂದರು. ಹದಿನೈದು ಮನೆಯವರು ಕಾಯುತ್ತಾರಲ್ಲ ಎಂದು ಉಯ್ಯಾಲೆಯ ಪದ್ಯವನ್ನೇ ತೆಗೆದೆ. ಆಟ ಮುಗಿದ ಮೇಲೆ ಜನ ನನ್ನನ್ನು ಹೊಡೆಯಲು ಬಂದಿದ್ದರು.

ಮಕ್ಕಳು ಹೋ ಎಂದು ನಕ್ಕರು. ಅವರು ಕೊಟ್ಟ ಮಾತು ಉಳಿಸಿಕೊಂಡಿದ್ದರು, ನನ್ನ ಹೆಸರು ಹೇಳಿರಲಿಲ್ಲ.

ನನ್ನ ಪಕ್ಕದಲ್ಲಿ ಅವಳು ನಗಲಿಲ್ಲ. ತಿರುಗಿ ನೋಡಲೂ ಇಲ್ಲ. ಚೀಲದ ಹಿಡಿಯ ಮೇಲಿದ್ದ ಅವಳ ಕೈ ಮಾತ್ರ ಬಿಗಿಯಾಯಿತು. ದೀಪ ಆರಿತು.

ನಾನು ಎಷ್ಟೋ ಘಟ್ಟದ ತಿರುವುಗಳಲ್ಲಿ ಬ್ರೇಕು ಹೋದ ಬಸ್ಸಿನಲ್ಲಿ ಕೂತಿದ್ದೇನೆ. ಆ ಒಂದೂವರೆ ಗಂಟೆಯಷ್ಟು ಹೆದರಿರಲಿಲ್ಲ. ಸುತ್ತ ಇನ್ನೂರು ಜನ ಹಾಡುತ್ತಿದ್ದಾರೆ, ನಡುವೆ ನಾವಿಬ್ಬರು ಬಾಯಿ ಮುಚ್ಚಿ ಕೂತಿದ್ದೇವೆ. ಅವಳು ಒಂದು ಮಾತು ಬೈದರೂ ಸಾಕೆಂದು ಕಾದೆ. ಇಂಟರ್ವಲ್ ಆಯಿತು, ಬೆಳಕು ಬಂತು.

"ಹದಿನೈದು ಜನ ಯಾರು?" ಅವಳು ಪರದೆಯ ಕಡೆಗೇ ನೋಡುತ್ತಾ ಕೇಳಿದಳು.

ನಾನು ಹೊರಗೆ ಹೋಗುವವರಿಗೆ ಕಾಲು ಸರಿಸಿ ದಾರಿ ಬಿಟ್ಟೆ.

"ಆ ದಿನ ಟಾಕೀಸಿನಿಂದ ಬಸ್ಸಿಗೆ ಬಂದದ್ದು ನಾನೊಬ್ಳೇ. ಒಂದು ಮೀನಿನ ಹೆಂಗಸು ಇತ್ತು, ಗೊಬ್ಬರದ ಮೂಟೆಯವರು ಇಬ್ರು. ನಂಗೆ ನೆನಪುಂಟು. ನಾನು ನಿದ್ದೆ ಮಾಡಿರ್ಲಿಲ್ಲ."

"ನಿನಗೆ ಬಸ್ ತಪ್ಪುತ್ತದೆ ಅಂತ," ಎಂದೆ.

ಕೊನೆಯ ಭಾಗದಲ್ಲಿ ಉಯ್ಯಾಲೆಯ ಪದ್ಯ ಬಂದಾಗ ಮಕ್ಕಳೆಲ್ಲ ಎದ್ದು ನಿಂತು ಮೊಬೈಲಿನ ದೀಪ ಹಚ್ಚಿದರು. ಕೆಲವರು ಪರದೆಯ ಕೆಳಗೆ ಹೋಗಿ ಕುಣಿದರು. ಅವಳಿಗೆ ಕಾಣಿಸುತ್ತಿರಲಿಲ್ಲ, ಅವಳೂ ಎದ್ದು ನಿಂತಳು. ಏಳು ನಿಮಿಷ ರೆಪ್ಪೆ ಮಿಟುಕಿಸದೆ ನೋಡಿದಳು. ಪದ್ಯ ಮುಗಿದದ್ದೇ ಚೀಲ ಹೆಗಲಿಗೆ ಹಾಕಿ, "ಕಡಬಕ್ಕೆ ಬಸ್ ಎಷ್ಟಕ್ಕೆ?" ಎಂದಳು. "ಅಪ್ಪನಿಗೆ ಹೇಳ್ಬೇಕು. ನೀವೇ ಹೇಳ್ಬೇಕು."

ಸರ್ಕಾರಿ ಬಸ್ಸು ಸಿಕ್ಕಿತು. ಈಗ ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರು ಕೇಳುವ ಮೊದಲೇ ಅವಳು ಕಾರ್ಡು ತೆಗೆದು ಹಿಡಿದಳು. ಮೂರನೇ ಸಾಲು, ಎಡಗಡೆ ಕಿಟಕಿ. ಪಕ್ಕದ ಸೀಟು ಖಾಲಿ ಇತ್ತು, ನನ್ನನ್ನು ಕೂರಲು ಕರೆಯಲಿಲ್ಲ. ನಾನು ಕಂಬ ಹಿಡಿದು ನಿಂತೇ ಹೋದೆ, ಹಿಂದೆ ನಿಲ್ಲುತ್ತಿದ್ದ ಹಾಗೆಯೇ.

ಮಾವನಿಗೆ ತೊಂಬತ್ತು. ಕಡಬ ಪೇಟೆಯಲ್ಲಿ ಭಾವನ ಅಂಗಡಿಯ ಹಿಂದಿನ ಮನೆಯಲ್ಲಿದ್ದಾರೆ. ಕಣ್ಣು ಚುರುಕು, ಪೇಪರು ಓದುತ್ತಾರೆ, ಕಿವಿ ಮಾತ್ರ ಕೇಳುವುದಿಲ್ಲ. ಮೂವತ್ತೆಂಟು ವರ್ಷ ಪಿಸುಗುಟ್ಟಲೂ ಹೆದರಿದ್ದನ್ನು ನಾನು ಅವರ ಕಿವಿಯ ಬಳಿ ಕಿರುಚಿ ಹೇಳಬೇಕಾಯಿತು. ಅಂಗಡಿಗೆ ಬಂದವರಿಗೂ ಕೇಳಿತು. ಬಸ್ಸು, ಕರೆಂಟು, ಕತ್ತರಿ, ಹದಿನೈದು ಎಂಬ ಸುಳ್ಳು, ಎಲ್ಲ. ಅರ್ಥವಾಗದ ಕಡೆ ಅವರು ಕೈಯೆತ್ತಿ ನಿಲ್ಲಿಸಿ, ಮತ್ತೆ ಹೇಳಿಸಿದರು, ತಪ್ಪು ಉತ್ತರ ಕೊಟ್ಟ ಹುಡುಗನಿಗೆ ಮಾಡುವ ಹಾಗೆ. ಅವಳು ಬಾಗಿಲ ಬಳಿ ಪದ್ಯದ ಪುಸ್ತಕ ಹಿಡಿದು ನಿಂತಿದ್ದಳು.

ನನ್ನ ಮಾತು ಮುಗಿಯಿತು. ಮಾವ ನನ್ನನ್ನು ಬಿಟ್ಟು ಮಗಳ ಕಡೆಗೆ ತಿರುಗಿದರು.

"ಸೋಮವಾರದಿಂದ ಕಾಲೇಜಿಗೆ ಹೋಗು," ಎಂದರು.

ಅಪ್ಪನಿಗೆ ಅರಳುಮರಳು ಎಂದುಕೊಂಡು ಭಾವ ನಕ್ಕರು. ನನಗೆ ಹಾಗೆ ಅನಿಸಲಿಲ್ಲ, ಆ ಕಣ್ಣುಗಳಲ್ಲಿ ನೀರು ಇತ್ತು. ಐವತ್ತೆಂಟು ವರ್ಷದ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು, "ಆಯ್ತು ಅಪ್ಪ," ಎಂದಳು. ಅವರ ಕಾಲ ಬಳಿ ಕೂತು ಪುಸ್ತಕ ಬಿಡಿಸಿ, ಪದ್ಯ ಎಲ್ಲಿ ಬರುತ್ತದೆಂದು ಬೆರಳಿಟ್ಟು ತೋರಿಸಿದಳು. ವಾಪಸು ಬಸ್ಸು ಇದೆ, ನೀವು ಹೋಗಿ, ನಾನು ಸೋಮವಾರ ಬರುತ್ತೇನೆ ಎಂದು ನನಗೆ ಹೇಳಿದಳು. ನಾನು ಒಬ್ಬನೇ ಪುತ್ತೂರಿಗೆ ಮರಳಿದೆ.

ಸೋಮವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದೆ. ಕಡಬದ ಬಸ್ಸಿನಿಂದ ಕಾಲೇಜಿನ ಮಕ್ಕಳ ನಡುವೆ ಅವಳು ಇಳಿದಳು. ಮನೆಯ ಕಡೆ ತಿರುಗದೆ ಮಕ್ಕಳ ಹಿಂದೆಯೇ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆ ಹೋದೆ. ಕಾಲೇಜಿನ ಗೇಟಿನ ಮುಂದೆ ನಿಂತಳು. ಕಾವಲಿನವನು ಬಂದು, ಯಾರನ್ನು ನೋಡಬೇಕಿತ್ತು ಅಮ್ಮಾ ಎಂದು ಕೇಳಿದ. ಯಾರನ್ನೂ ಅಲ್ಲ, ನಾನು ಇಲ್ಲಿ ಓದುತ್ತಿದ್ದೆ ಎಂದಳು. ಬೆಲ್ಲು ಹೊಡೆಯಿತು, ಮಕ್ಕಳು ಒಳಗೆ ಓಡಿದರು, ಅವಳು ಅಂಗಳ ಖಾಲಿಯಾಗುವವರೆಗೂ ನೋಡುತ್ತಾ ನಿಂತಳು.

ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎರಡು ದಿನ ಒಂದೇ ವಿಷಯ ಯೋಚಿಸಿದವರ ದಣಿವು ಇತ್ತು.

"ಏಳು ನಿಮಿಷದ ಪದ್ಯ," ಎಂದಳು. "ನೀವು ಬಸ್ಸನ್ನೇ ಏಳು ನಿಮಿಷ ನಿಲ್ಲಿಸ್ಬಹುದಿತ್ತು."

ಇಷ್ಟು ವರ್ಷಗಳಲ್ಲಿ ಒಂದು ಸಲವೂ ನನಗೆ ಅದು ಹೊಳೆದಿರಲಿಲ್ಲ.